ಓಗೊಡುವ ಗುಡ್ಡ

ನಮ್ಮೂರಿನಲ್ಲಿ ದೂರ ಹೋದವರ ಬಗ್ಗೆ ಯಾರೂ ಅತಿಯಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಣಿಗೆ ಇಳಿದ ಗಂಡ, ಬಂದರಿಗೆ ಓಡಿಹೋದ ಮಗ, ಯಾರನ್ನೋ ಕಟ್ಟಿಕೊಂಡು ಗಡಿ ದಾಟಿದ ಮಗಳು, ಯಾರೇ ಇರಲಿ, ನೆನಪಾದಾಗ ಊರಾಚೆಯ ಗುಡ್ಡದ ಬುಡಕ್ಕೆ ಹೋಗಿ, ಅಲ್ಲಿನ ಮೋಟುಗೋಡೆಯ ಹತ್ತಿರ ನಿಂತು, ಹೆಸರು ಹಿಡಿದು ಒಮ್ಮೆ ಕೂಗಿದರೆ ಸಾಕು. ಬದುಕಿದ್ದರೆ ಗುಡ್ಡ ಓಗೊಡುತ್ತಿತ್ತು. ಅವರದೇ ದನಿಯಲ್ಲಿ, ಒಂದೇ ಒಂದು ‘ಓ’. ಎಲ್ಲಿದ್ದೀಯ, ಉಂಡೆಯಾ, ಯಾವಾಗ ಬರುತ್ತೀಯ ಎಂದು ಎಷ್ಟು ಗಂಟಲು ಹರಿದುಕೊಂಡರೂ ಗುಡ್ಡ ಎರಡನೇ ಮಾತಾಡುತ್ತಿರಲಿಲ್ಲ. ಸತ್ತಿದ್ದರೆ ಅದೂ ಇಲ್ಲ. ಗಾಳಿಯ ಸದ್ದು ಕೇಳಿಸಿಕೊಂಡು ಮನೆಗೆ ಬಂದು ಕಪ್ಪು ಬಟ್ಟೆ ಹುಡುಕಬೇಕು, ಅಷ್ಟೆ.

ಇದಕ್ಕೆ ಕೆಲವು ರೀತಿ ರಿವಾಜುಗಳಿದ್ದವು. ಹಾಸಿಗೆ ಹಿಡಿದವರನ್ನು ಕೂಗುವುದು ಅಸಭ್ಯ. ಸಾಲಿನಲ್ಲಿ ಮುಂದೆ ನಿಂತವರಿಗೆ ಗುಡ್ಡ ಉತ್ತರ ಕೊಡದೇ ಹೋದರೆ ಹಿಂದಿನವರು ಬೇರೆ ಕಡೆ ನೋಡುತ್ತ ನಿಲ್ಲಬೇಕು. ಮುನಿಸಿಕೊಂಡು ತವರಿಗೆ ಹೋದ ಹೆಂಡತಿಯನ್ನು ಕೂಗಿ, ಅವಳ ‘ಓ’ ಬಿಗುವಾಗಿದೆಯೋ ಸಡಿಲವಾಗಿದೆಯೋ ನೋಡಿಕೊಂಡು, ಬಸ್ಸು ಹತ್ತುವುದೋ ಬೇಡವೋ ಎಂದು ತೀರ್ಮಾನಿಸುವ ಗಂಡಸರೂ ಇದ್ದರು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿದ್ದುದರಿಂದ ಒಂದೇ ಹೆಸರಿನವರು ಒಂದೊಂದು ಮನೆಯಲ್ಲಿ ಇಬ್ಬಿಬ್ಬರು ಇರುತ್ತಿದ್ದರು. ಅದರಿಂದ ಅಂಚೆಯವನಿಗೆ ಗಲಿಬಿಲಿಯಾದರೂ ಗುಡ್ಡಕ್ಕೆ ಎಂದೂ ಆದದ್ದಿಲ್ಲ. ಕೂಗಿದವರ ಮನಸ್ಸಿನಲ್ಲಿ ಯಾರಿದ್ದರೋ ಅವರೇ ಓಗೊಡುತ್ತಿದ್ದರು.

ನನ್ನ ಹೆಸರು ದೊಮಿತಿಲಾ. ಆ ಊರಿನ ರೇಡಿಯೋದಲ್ಲಿ ಸಂಜೆ ಆರಕ್ಕೆ ಬರುತ್ತಿದ್ದ ಧಾರಾವಾಹಿಯಲ್ಲಿ ನಾನು ಅತ್ತೆ. ಸೊಸೆಯ ಅಡುಗೆಗೆ ಕದ್ದು ಉಪ್ಪು ಸುರಿಯುವ, ಮಗನ ಕಿವಿ ಊದುವ, ಬೇಕೆಂದಾಗ ಮೂರ್ಛೆ ಹೋಗುವ ಅತ್ತೆ. ಮಾರುಕಟ್ಟೆಗೆ ಹೋದರೆ ಆಲೂಗಡ್ಡೆಯ ಹೆಂಗಸು ಕೊಳೆತದ್ದನ್ನೇ ಆರಿಸಿ ನನ್ನ ಚೀಲಕ್ಕೆ ಹಾಕುತ್ತಿದ್ದಳು. “ಆ ಹುಡುಗಿ ಹೊಟ್ಟೆ ಉರಿಸ್ತೀಯಲ್ಲ, ತಿನ್ನು” ಎನ್ನುತ್ತಿದ್ದಳು. ನಾನು ಆ ಕೊಳೆತ ಆಲೂಗಡ್ಡೆಯನ್ನು ಪದಕದ ಹಾಗೆ ಮನೆಗೆ ತರುತ್ತಿದ್ದೆ. ಧಾರಾವಾಹಿಯ ಗಂಡಸರೆಲ್ಲ ಫೌಸ್ತೊ ಒಬ್ಬನೇ. ನನ್ನ ಮಗನೂ ಅವನೇ, ಪಾದ್ರಿಯೂ ಅವನೇ, ಕುಡುಕನೂ ಅವನೇ, ಪಂಜರದ ಗಿಳಿಯೂ ಅವನೇ. ಅಷ್ಟಕ್ಕೇ ನಿಲ್ಲದೆ, ನೆಗಡಿಯಾಗಿ ಯಾವ ನಟಿ ಬರದಿದ್ದರೂ ಅವಳ ಪಾಲನ್ನೂ ಅವಳದೇ ದನಿಯಲ್ಲಿ ಹೇಳಿಬಿಡುತ್ತಿದ್ದ. ಹೆಂಡತಿ ಮಕ್ಕಳಿಲ್ಲದ ಒಂಟಿ ಮನುಷ್ಯ. ಊರವರೆಲ್ಲರ ದನಿಯನ್ನೂ ಗಂಟಲಲ್ಲಿ ಸಾಕಿಕೊಂಡಿದ್ದ. ಗಾಜಿನ ಆಚೆ ಯಂತ್ರಗಳ ಮುಂದೆ ಕೂರುತ್ತಿದ್ದವನು ಇಂಜಿನಿಯರ್ ರುಫಿನೊ. ಅವನಿಗೆ ಲುಸಿಲಾ ಎಂಬ ಒಬ್ಬಳೇ ಮಗಳು.

ರಾಜಧಾನಿಯಲ್ಲಿ ಸೇನಾಪತಿಗಳು ಕುರ್ಚಿ ಹಿಡಿದರೆಂಬ ಸುದ್ದಿ ನಮಗೆ ಬಂದದ್ದು ರೇಡಿಯೋದಿಂದಲ್ಲ, ರೇಡಿಯೋ ನಿಂತುಹೋದದ್ದರಿಂದ. ಕೆಲವು ದಿನ ಬರೀ ಮಿಲಿಟರಿ ಬ್ಯಾಂಡು. ಆಮೇಲೆ ನಮ್ಮ ನಿಲಯಕ್ಕೊಬ್ಬ ಕ್ಯಾಪ್ಟನ್ ಬಂದು ಕೂತ. ಗಂಧದೆಣ್ಣೆ ಹಚ್ಚಿಕೊಂಡ ತೆಳು ಮೀಸೆಯ ಮನುಷ್ಯ, ಸಾಹಿತ್ಯದಲ್ಲಿ ಆಸಕ್ತಿಯಿದೆ ಎಂದು ತಾನೇ ಹೇಳಿಕೊಂಡ. ಹೊಸ ದೇಶದಲ್ಲಿ ಅತ್ತೆ ಸೊಸೆ ಜಗಳವಾಡುವುದಿಲ್ಲ ಎಂದು ಧಾರಾವಾಹಿಯನ್ನು ತಾನೇ ಬರೆಯತೊಡಗಿದ. ಒಂದೇ ಕಂತಿನಲ್ಲಿ ನಾನು ಸಾಧ್ವಿಯಾಗಿಬಿಟ್ಟೆ. ಮಾರುಕಟ್ಟೆಯಲ್ಲಿ ಒಳ್ಳೆಯ ಆಲೂಗಡ್ಡೆ ಸಿಗತೊಡಗಿತು, ನನಗೆ ಅವಮಾನವಾಯಿತು. ಆರು ಗಂಟೆಗೆ ಎಲ್ಲ ಅಂಗಡಿ, ಹೋಟೆಲು, ಮನೆಗಳಲ್ಲಿ ಕಿಟಕಿ ತೆರೆದಿಟ್ಟು ರೇಡಿಯೋ ಹಾಕಿರಬೇಕೆಂದು ಆಜ್ಞೆಯಾಯಿತು. ನಾಟಕ ಮಂದಿರಕ್ಕೆ ಬೀಗ ಬಿತ್ತು. ಹಾಡುಗಳನ್ನು ಒಂದೊಂದಾಗಿ ಸೋಸಿದರು. ‘ಬೆಳಗಾಗುತ್ತದೆ’ ಎಂಬ ಮಾತಿದ್ದ ಹಾಡುಗಳೆಲ್ಲ ನಿಷಿದ್ಧವಾದವು, ಏಕೆಂದರೆ ಅದರಿಂದ ಈಗ ಕತ್ತಲಿದೆ ಎಂಬ ಅರ್ಥ ಬರುತ್ತದಂತೆ.

ನನ್ನ ತಮ್ಮ ಅನ್ಸೆಲ್ಮೊ ಹಾಡಿನ ಮೇಷ್ಟ್ರು. ಅಮ್ಮ ಹೋದಾಗ ಅವನಿನ್ನೂ ತೆವಳುತ್ತಿದ್ದ, ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ನಾನೇ. ನಾನು ಮದುವೆಯಾಗಲಿಲ್ಲ, ಅವನಿಗಾಗಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಯಾರೂ ಕೇಳಲಿಲ್ಲ. ಆದರೆ ಆ ಮನೆಯಲ್ಲಿ ನನಗೆ ಕೊರತೆ ಎನಿಸಿದ್ದೇ ಇಲ್ಲ. ಅವನು ಚರ್ಚಿನ ಹಿಂದಿನ ಹಾಲಿನಲ್ಲಿ ಗಣಿ ಕೆಲಸಗಾರರನ್ನು, ಹೆಂಗಸರನ್ನು, ಮಕ್ಕಳನ್ನು, ಬಂದವರನ್ನೆಲ್ಲ ಸೇರಿಸಿಕೊಂಡು ಹಾಡು ಕಲಿಸುತ್ತಿದ್ದ. ಆ ಹಾಡುಗಳೆಲ್ಲ ನಿಷಿದ್ಧವಾದ ಮೇಲೆ, ಮಾತು ತಾನೇ ತಪ್ಪು, ಬಾಯಿ ಮುಚ್ಚಿಕೊಂಡು ಗುನುಗಿದರೆ ಯಾವ ಕಾನೂನು ಅಡ್ಡ ಬರುತ್ತದೆ ಎಂದು ಎಲ್ಲರಿಂದಲೂ ಬರೀ ರಾಗ ಗುನುಗಿಸತೊಡಗಿದ. “ಯಾಕೋ ಬೇಕು ನಿನಗೆ?” ಎಂದು ಕೇಳಿದರೆ, “ಅಕ್ಕ, ಬಾಯಿ ಮುಚ್ಕೊಂಡಿರಿ ಅಂದ್ರು. ಮುಚ್ಕೊಂಡಿದೀವಲ್ಲ” ಎಂದು ನಕ್ಕ. ಒಂದು ಮಧ್ಯಾಹ್ನ ಬ್ರೆಡ್ ಸಾಗಿಸುವ ವ್ಯಾನು ಬಂದು ಹಾಲಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಗುನುಗುತ್ತಿದ್ದವರನ್ನೆಲ್ಲ ಅದರೊಳಗೆ ತುಂಬಿಕೊಂಡು ಹೋದರು. ರುಫಿನೊನ ಮಗಳು ಲುಸಿಲಾ ಅದರಲ್ಲಿದ್ದಳು. ನಮ್ಮ ಬೀದಿಯ ನೀವೆಸ್ ಅಜ್ಜಿಯ ಮೊಮ್ಮಗ ಸೆವೆರೊ ಇದ್ದ. ಗಂಟಲು ಕೆಟ್ಟಿದೆ ಎಂದು ನನ್ನ ಕೆಂಪು ಮಫ್ಲರ್ ಸುತ್ತಿಕೊಂಡು ಹೋಗಿದ್ದ ನನ್ನ ತಮ್ಮನೂ ಇದ್ದ.

ಠಾಣೆಯಲ್ಲಿ ವಿಚಾರಿಸಿದರೆ, ಯಾರನ್ನೂ ಹಿಡಿದಿಲ್ಲ, ನಿಮ್ಮವರು ಎಲ್ಲೋ ಹೋಗಿರಬೇಕು ಎಂದರು. ಎಲ್ಲೋ ಹೋದವರನ್ನು ಹುಡುಕುವ ದಾರಿ ನಮ್ಮೂರವರಿಗೆ ಗೊತ್ತಿತ್ತಲ್ಲ, ಮಾರನೇ ದಿನದಿಂದಲೇ ಗುಡ್ಡದ ಬುಡದಲ್ಲಿ ಸಾಲು ಶುರುವಾಯಿತು. ಮೊದಲು ಎಲ್ಲರೂ ಓಗೊಟ್ಟರು. ಆಮೇಲೆ ಒಂದೊಂದಾಗಿ ಮೌನ ಬರತೊಡಗಿತು. ಮೌನ ಬಂದ ಮನೆಯವರು ಪಾದ್ರಿಯ ಹತ್ತಿರ ಹೋಗಿ ಹೆಣವಿಲ್ಲದೆಯೇ ಸಾವಿನ ಪೂಜೆ ಮಾಡಿಸಿದರು, ಗಂಟೆ ಬಾರಿಸಿದರು, ಕಪ್ಪು ಉಟ್ಟುಕೊಂಡು ಠಾಣೆಯ ಮುಂದೆಯೇ ಮೆರವಣಿಗೆ ಹೋದರು. ಊರೆಲ್ಲ ಹೋದರೂ ನಾನು ಮಾತ್ರ ಗುಡ್ಡದ ಕಡೆ ತಲೆ ಹಾಕಲಿಲ್ಲ. “ದೊಮಿತಿಲಕ್ಕ, ಒಂದ್ಸಲ ಬಂದು ಕೂಗಿ. ನಮ್ಮ ಲುಸಿಲಾ ನಿನ್ನೆನೂ ಓ ಅಂದ್ಲು” ಎಂದು ರುಫಿನೊ ಕರೆದ. “ನಿನಗೆ ಓ ಅಂದ್ಲಪ್ಪ, ನೀನು ಕರೀತೀಯ. ನನಗೆ ಅನ್ನದೇ ಹೋದ್ರೆ?” ಎಂದೆ. ಕೂಗದೇ ಇರುವಷ್ಟು ದಿನ ತಮ್ಮ ಬದುಕಿರುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಹೆದರಿದ್ದೆ, ಅದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಹೆಣವಿಲ್ಲದ ಮೇಲೆ ಸಾವೆಲ್ಲಿ ಎಂದು ಕ್ಯಾಪ್ಟನ್ ಕೂಗಾಡಿದ. ಅಂಥ ಪೂಜೆಗಳನ್ನೂ ಕಪ್ಪು ಬಟ್ಟೆಯನ್ನೂ ನಿಷೇಧಿಸಿದರು. ಗುಡ್ಡದ ಸುತ್ತ ಮುಳ್ಳುತಂತಿ ಎಳೆದರು. ಎಳೆದದ್ದೇ ತಪ್ಪಾಯಿತು, ಅಲ್ಲಿಯವರೆಗೆ ಧೈರ್ಯವಾಗಿದ್ದವರಿಗೂ ಈಗ ತಮ್ಮವರು ಸತ್ತೇ ಹೋಗಿದ್ದಾರೆ ಎನಿಸತೊಡಗಿತು, ಠಾಣೆಯ ಮುಂದೆ ಹೆಂಗಸರ ಗುಂಪು ದಿನದಿನಕ್ಕೂ ಬೆಳೆಯಿತು. ಆಗ ಒಂದು ಶನಿವಾರ ಕ್ಯಾಪ್ಟನ್ ನನ್ನ ಕೈಗೊಂದು ಹಾಳೆ ಕೊಟ್ಟ, ನಾನು ರೇಡಿಯೋದಲ್ಲಿ ಓದಿದೆ. ಸರ್ಕಾರಕ್ಕೆ ಮುಚ್ಚಿಡುವಂಥದ್ದೇನೂ ಇಲ್ಲ, ನಾಳೆಯಿಂದ ಪ್ರತಿ ಭಾನುವಾರ ಬೆಳಗ್ಗೆ ನಾಗರಿಕರು ಗುಡ್ಡಕ್ಕೆ ಹೋಗಬಹುದು, ಮೋಟುಗೋಡೆ ದಾಟಬಾರದು, ತುದಿಯಲ್ಲಿರುವ ಹಳೇ ಪ್ರಾರ್ಥನಾ ಮಂದಿರದಲ್ಲಿ ದುರಸ್ತಿ ನಡೆಯುತ್ತಿದೆ.

ಆ ಭಾನುವಾರ ಗುಡ್ಡ ಎಲ್ಲರಿಗೂ ಓಗೊಟ್ಟಿತು. ಒಬ್ಬರನ್ನೂ ಬಿಡದೆ. ಹಿಂದೆ ಮೌನ ಬಂದು ಪೂಜೆ ಮಾಡಿಸಿದವರ ಮನೆಯ ಹುಡುಗರೂ ‘ಓ’ ಎಂದರು. ಆಗ ಗುಡ್ಡಕ್ಕೆ ಗಂಟಲು ಕಟ್ಟಿತ್ತೇನೋ ಎಂದು ಜನ ತಮಾಷೆ ಮಾಡಿದರು. ಒಬ್ಬಳು ತಾಯಿ ಗೋಡೆಯ ಮೇಲೆ ಕೂತು ಅಳುತ್ತ ನಗುತ್ತ, “ಪಾದ್ರಿಗೆ ದುಡ್ಡು ಕೊಟ್ಟು ನನ್ನ ಮಗನ್ನ ನಾನೇ ಸಾಯಿಸಿಬಿಟ್ಟಿದ್ನಲ್ಲ” ಎಂದಳು. ಇಷ್ಟೆಲ್ಲ ಕೇಳಿದ ಮೇಲೆ ನನಗೂ ಧೈರ್ಯ ಬಂತು. ಮುಂದಿನ ವಾರ ಹೋಗಿ ಗೋಡೆಗೆ ಕೈ ಊರಿ ಕೂಗಿದೆ. ಅನ್ಸೆಲ್ಮೊ ‘ಓ’ ಎಂದ. ನೆಗಡಿಯಾದಾಗ ಇರುತ್ತಿದ್ದ ಅವನ ದಪ್ಪ ದನಿಯಲ್ಲೇ. ಮನೆಗೆ ಬಂದು ಹೊಟ್ಟೆ ಬಿರಿಯ ಉಂಡು, ಹಗಲೇ ಮಲಗಿ ನಿದ್ದೆ ಮಾಡಿದೆ.

ಆಮೇಲೆ ಪ್ರತಿ ಭಾನುವಾರವೂ ಇದೇ ಆಯಿತು. ಯಾರೂ ಮನೆಗೆ ಬರಲಿಲ್ಲ, ಆದರೆ ಎಲ್ಲರೂ ಓಗೊಡುತ್ತಿದ್ದರು. ಇಷ್ಟು ಸಾಕು ಎಂಬ ಸಮಾಧಾನ ಎಂಥ ಕೆಟ್ಟದ್ದೆಂದರೆ, ಠಾಣೆಯ ಮುಂದೆ ನಿಲ್ಲುವುದನ್ನೇ ಹೆಂಗಸರು ಬಿಟ್ಟುಬಿಟ್ಟರು. ವಾರವಿಡೀ ದುಡಿದು, ಭಾನುವಾರ ತಲೆ ಬಾಚಿಕೊಂಡು, ತಿಂಡಿ ಕಟ್ಟಿಕೊಂಡು ಗುಡ್ಡಕ್ಕೆ ಬರುವುದು ಒಂದು ವಾಡಿಕೆಯೇ ಆಯಿತು. ಹುರಿದ ಜೋಳ ಮಾರುವವನೂ ಬಂದು ಕೂತ. ಧಾರಾವಾಹಿಯಲ್ಲಿ ನಾನು ಇನ್ನಷ್ಟು ಒಳ್ಳೆಯವಳಾದೆ.

ನೀವೆಸ್ ಅಜ್ಜಿಯ ವಿಷಯ ಹೇಳಬೇಕು. ಅವಳ ಗಂಡ ಸೆವೆರೊ ಗಣಿ ಕುಸಿದು ಸತ್ತು ಎಷ್ಟೋ ಕಾಲವಾಗಿತ್ತು, ನಾನೇ ಆಗ ಲಂಗ ಹಾಕುವ ಹುಡುಗಿ. ಆದರೂ ಅಜ್ಜಿ ಗುಡ್ಡಕ್ಕೆ ಬಂದು ಅವನನ್ನು ಕೂಗುವುದನ್ನು ಬಿಟ್ಟಿರಲಿಲ್ಲ. ಉತ್ತರ ಬಾರದೆಂದು ಅವಳಿಗೂ ಗೊತ್ತು. ಕೂಗಿ, ಕೊಂಚ ಹೊತ್ತು ಕಾದು, ಬೆಲೆ ಏರಿದ್ದು, ಮಂಡಿ ನೋವು, ಯಾರ ಮನೆಯಲ್ಲಿ ಯಾರಿಗೆ ಯಾರು ಏನಂದರು ಎಲ್ಲ ವರದಿ ಒಪ್ಪಿಸಿ ಹೋಗುತ್ತಿದ್ದಳು. “ಬದುಕಿದ್ದಾಗ ಮಧ್ಯೆ ಬಾಯಿ ಹಾಕ್ತಿದ್ದ, ಈಗ ಸುಮ್ನೆ ಕೇಳಿಸ್ಕೋತಾನೆ” ಎನ್ನುತ್ತಿದ್ದಳು. ಮಂಡಿ ನೋವು ಹೆಚ್ಚಾಗಿ ಕೆಲವು ತಿಂಗಳು ಮನೆಯಲ್ಲೇ ಇದ್ದವಳು ಒಂದು ಭಾನುವಾರ ನನ್ನ ತೋಳು ಹಿಡಿದುಕೊಂಡು ಬಂದಳು. ಮೊಮ್ಮಗನನ್ನು ಕೂಗುವ ಕೆಲಸ ಸೊಸೆಯದು, ತನ್ನದು ಗಂಡನನ್ನು ಕೂಗುವುದು ಎಂದು ಗೋಡೆಯ ಹತ್ತಿರ ನಿಂತು, ನಡುಗುವ ಗಂಟಲಲ್ಲಿ “ಸೆವೆರೋ” ಎಂದಳು. ಎಂದಿನಂತೆ ಕಾದಳು. ಮಂಡಿಯ ವಿಷಯ ಶುರುಮಾಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗುಡ್ಡ ‘ಓ’ ಎಂದಿತು.

ಮೀಸೆ ಮೊಳೆಯುವ ವಯಸ್ಸಿನ ಹುಡುಗನ ದನಿ. ಮೊಮ್ಮಗ ಸೆವೆರೊನ ದನಿ. ಅಜ್ಜಿ ಗೋಡೆ ಹಿಡಿದುಕೊಂಡಳು. “ಅಯ್ಯೋ, ಅಲ್ಲಿ ಹೋಗಿ ಹುಡುಗ ಆಗ್ಬಿಟ್ಟಿದೀಯಲ್ಲೋ!” ಎಂದು ಬೊಚ್ಚು ಬಾಯಲ್ಲಿ ನಕ್ಕಳು, ನಾಚಿಕೊಂಡು ಸೆರಗಿನ ಹಾಗೆ ಶಾಲನ್ನು ಬಾಯಿಗೆ ಹಿಡಿದಳು. ಹಿಂದೆ ನಿಂತಿದ್ದ ಅಷ್ಟೂ ಜನರಲ್ಲಿ ಒಬ್ಬರೂ ನಗಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು. ಗುಡ್ಡವಾಗಿದ್ದರೆ ಅಜ್ಜಿಯ ಮನಸ್ಸಿನಲ್ಲಿದ್ದವನು ಯಾರೆಂದು ಅದಕ್ಕೆ ಗೊತ್ತಿರುತ್ತಿತ್ತು, ಅದು ಸುಮ್ಮನಿರುತ್ತಿತ್ತು. ಬರೀ ಕಿವಿಯಿಂದ ಹೆಸರು ಕೇಳಿಸಿಕೊಂಡು ಉತ್ತರ ಕೊಡುವ ಯಾರೋ ಮೇಲೆ ಕೂತಿದ್ದ. ಜನ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ಕಡೆ ತಿರುಗಿ ನಿಂತರು. ಆಮೇಲೆ ಸಾಲಿನಲ್ಲಿ ಅಜ್ಜಿಯ ಹಿಂದಿದ್ದ ಹೆಂಗಸು ಗೋಡೆಯ ಹತ್ತಿರ ಬಂದು ಮಗನನ್ನು ಕೂಗಿದಳು. ‘ಓ’ ಬಂತು. ಅವಳು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು, ಅವಳ ಹಿಂದಿನವಳೂ ಬಂದು ಕೂಗಿದಳು.

ಊರಿಗೆಲ್ಲ ದನಿ ಕೊಡಬಲ್ಲವನು ಒಬ್ಬನೇ ಇದ್ದ. ಸೋಮವಾರ ಮಧ್ಯಾಹ್ನ ನಿಲಯಕ್ಕೆ ಹೋದಾಗ ಫೌಸ್ತೊ ತಾಲೀಮಿನ ಕೋಣೆಯಲ್ಲಿ ಉಪ್ಪುನೀರು ಮುಕ್ಕಳಿಸುತ್ತಿದ್ದ. “ಗುಡ್ಡದ ಮೇಲೆ ಚಳಿ ಜಾಸ್ತಿನೇನೋ?” ಎಂದೆ. ಬಾಯಲ್ಲಿದ್ದ ನೀರು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದ. ಉಗುಳಿ, ಒರೆಸಿಕೊಂಡು, ಕುರ್ಚಿಯ ಮೇಲೆ ಕುಸಿದ. “ಅಜ್ಜಿ ಸತ್ತ ಗಂಡನ್ನ ಕೂಗ್ತಿದ್ಲು ಅಂತ ನನಗೇನು ಗೊತ್ತು ದೊಮಿತಿಲಾ? ಗುಡ್ಡಕ್ಕೆ ಮನಸ್ಸು ತಿಳಿಯುತ್ತೆ. ನನಗಿರೋದು ಎರಡು ಕಿವಿ.” ಕೆನ್ನೆಗೆ ಬಾರಿಸಬೇಕೆಂದು ಎತ್ತಿದ ಕೈ ಹಾಗೇ ನಿಂತಿತು. ಅವನ ಮುಖ ಹೊಡೆಯುವಂತಿರಲಿಲ್ಲ, ಆಗಲೇ ಯಾರೋ ಹೊಡೆದು ಮುಗಿಸಿದಂತಿತ್ತು.

“ನಾಲಿಗೆ ಕತ್ತರಿಸ್ತೀವಿ ಅಂದ್ರು” ಎಂದ. “ನಾಲಿಗೆ ಹೋದ್ರೆ ನಾನ್ಯಾರು, ಹೇಳು. ಒಪ್ಕೊಂಡೆ. ಜನಕ್ಕೂ ಸಮಾಧಾನ ಆಗುತ್ತಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಮೊದಲು ಕಾಯ್ತೀನಿ. ಗುಡ್ಡ ತಾನೇ ಓ ಅಂದ್ರೆ ಬಾಯಿ ಮುಚ್ಕೊಂಡಿರ್ತೀನಿ. ಅನ್ನದೇ ಹೋದ್ರೆ ಪಕ್ಕದಲ್ಲಿರೋ ಸಾರ್ಜೆಂಟ್ ಮೊಣಕೈಯಲ್ಲಿ ತಿವೀತಾನೆ, ನಾನು ಅಂತೀನಿ. ದನಿ ಗೊತ್ತಿಲ್ಲದವರಾದ್ರೆ ಗಾಳಿಗೆ ಸರಿಯಾಗಿ ಕೇಳಿಸದ ಹಾಗೆ ಅಂತೀನಿ. ಶುರುವಿನಲ್ಲಿ ಸುಮ್ನೆ ಕೂತಿರೋದೇ ಜಾಸ್ತಿ ಇತ್ತು, ಈಗ ನೀರು ಕುಡಿಯೋಕೂ ಬಿಡುವಿಲ್ಲ.” ಆ ಕೊನೆಯ ಮಾತನ್ನು ಅವನು ಕೆಲಸ ಹೆಚ್ಚಾದ ಗುಮಾಸ್ತನ ಹಾಗೆ ಹೇಳಿದ, ಹೇಳಿದ ಮೇಲೆ ಅದರ ಅರ್ಥ ತನಗೇ ತಾಗಿ ಮುಖ ಮುಚ್ಚಿಕೊಂಡ.

“ಅಂದ್ರೆ ಯಾರಿದಾರೆ, ಯಾರಿಲ್ಲ, ನಿನಗೆ ಗೊತ್ತು.”

“ಊರಲ್ಲಿ ನನಗೊಬ್ಬನಿಗೇ ಗೊತ್ತು.”

ಕೇಳಬೇಕಾದ್ದು ಒಂದೇ ಇತ್ತು. ಬರೀ “ಅನ್ಸೆಲ್ಮೊ?” ಎಂದೆ. “ಅನ್ಸೆಲ್ಮೊಗೆ ಗುಡ್ಡಾನೇ ಓ ಅಂದಿದ್ದು, ನಾನಲ್ಲ” ಎಂದ ಫೌಸ್ತೊ, ನನ್ನ ಮಾತು ಮುಗಿಯುವ ಮೊದಲೇ. ಗಿಳಿಯ ಪಾತ್ರವನ್ನೂ ನಂಬುವಂತೆ ಮಾಡುತ್ತಿದ್ದ ಮನುಷ್ಯ, ಅಷ್ಟು ಕೆಟ್ಟದಾಗಿ ಅಭಿನಯಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೂ ಆಸೆ ಬಿಡಬೇಕಲ್ಲ. ನಾಚಿಕೆಗೆಟ್ಟ ಆಸೆ, ಬೈದರೂ ಹೊಡೆದರೂ ಬಾಗಿಲಲ್ಲೇ ಮಲಗುವ ನಾಯಿಯಂಥದ್ದು. “ನಿನ್ನ ಮಾತು ಬೇಡ. ಬರೋ ಭಾನುವಾರ ನಾನು ಕೂಗಿದಾಗ ಮಾತ್ರ ನೀನು ಬಾಯಿ ತೆರೀಬೇಡ. ನನಗೆ ಗುಡ್ಡದ ಹತ್ರಾನೇ ಕೇಳ್ಬೇಕು” ಎಂದೆ. ಸಾರ್ಜೆಂಟ್ ತಿವಿದರೆ ಎಂದು ಕೇಳಿದ. “ಕೆಮ್ಮು ಬಂತು ಅನ್ನು” ಎಂದೆ. ಫೌಸ್ತೊ ಆಗಲಿ ಎಂದು ತಲೆಯಾಡಿಸಿದ.

ಆ ವಾರ ಹೇಗೆ ಕಳೆಯಿತೋ ನೆನಪಿಲ್ಲ. ಭಾನುವಾರ ಬೆಳಗ್ಗೆ ಸಾಲಿನಲ್ಲಿ ನಿಂತೆ, ನನ್ನ ಹಿಂದೆ ರುಫಿನೊ ಇದ್ದ. ಅಜ್ಜಿಯ ದಿನದಿಂದ ಅವನು ಅರ್ಧಕ್ಕೆ ಇಳಿದುಹೋಗಿದ್ದ. “ನಮ್ಮ ಹುಡುಗಿ ತಂತಿ ಹಾಕೋಕೆ ಮುಂಚೆನೂ ಓ ಅಂದಿದ್ಲು ದೊಮಿತಿಲಕ್ಕ, ಅದು ನಿಜದ್ದೇ. ಆಮೇಲಿಂದು ಯಾವುದು ನಂಬೋದು?” ಎಂದು ದಾರಿಯುದ್ದಕ್ಕೂ ಕೇಳುತ್ತ ಬಂದಿದ್ದ. ನನಗೆ ಗೊತ್ತಿದ್ದನ್ನು ಅವನಿಗೆ ಹೇಳಲು ಹೆದರಿ ಸುಮ್ಮನಿದ್ದೆ. ನನ್ನ ಮುಂದಿದ್ದವರಿಗೆಲ್ಲ ‘ಓ’ ಬಂತು. ನಾನು ಗೋಡೆಯ ಹತ್ತಿರ ಹೋಗಿ, ತಮ್ಮ ಚಿಕ್ಕವನಿದ್ದಾಗ ಊಟಕ್ಕೆ ಕರೆಯುತ್ತಿದ್ದ ಹಾಗೆ, ಗಟ್ಟಿಯಾಗಿ, “ಅನ್ಸೆಲ್ಮೋ” ಎಂದು ಕೂಗಿದೆ.

ಗಾಳಿ ಬೀಸಿತು. ಜೋಳ ಮಾರುವವನು ಬಾಣಲೆ ಆಡಿಸುವುದನ್ನು ನಿಲ್ಲಿಸಿದ. ಮೇಲಿನಿಂದ ಒಂದು ಕೆಮ್ಮು ಕೇಳಿಸಿತು. ಮತ್ತೊಂದು. ಅದರ ಹಿಂದೆಯೇ ಏನೋ ಬಿದ್ದ ಸದ್ದು, ಯಾರನ್ನೋ ಗೋಡೆಗೆ ನೂಕಿದಂಥದ್ದು. ಮತ್ತೆ ಬರೀ ಗಾಳಿ. ಹಿಂದೆ ನಿಂತವರು ಹಳೆಯ ಮರ್ಯಾದೆಯಂತೆ ಬೇರೆ ಕಡೆ ತಿರುಗಿಕೊಂಡರು. ನನ್ನ ತಮ್ಮ ಸತ್ತಿದ್ದ. ಎಂದು, ಎಲ್ಲಿ, ಯಾರ ಕೈಯಲ್ಲಿ, ಮಫ್ಲರ್ ಕೊರಳಲ್ಲಿತ್ತೋ ಇಲ್ಲವೋ, ಒಂದೂ ಗೊತ್ತಿಲ್ಲ, ಸತ್ತದ್ದಷ್ಟೇ ಗೊತ್ತು. ಇನ್ನು ಕೂಗಬೇಕಾಗಿದ್ದ ರುಫಿನೊ ಕೂಗಲಿಲ್ಲ. “ಇವತ್ತು ಬೇಡ, ಬನ್ನಿ” ಎಂದು ನನ್ನ ಕೈ ಹಿಡಿದು ಮನೆಯವರೆಗೆ ಕರೆದುಕೊಂಡು ಬಂದ.

ಮನೆಯಲ್ಲಿ ಅಳು ಬರಲಿಲ್ಲ, ಕೋಪ ಬಂತು. ಸತ್ತ ಎನ್ನುವುದಕ್ಕೂ ಅಪ್ಪಣೆಯಿರಲಿಲ್ಲ. ಕಪ್ಪು ಉಡುವಂತಿಲ್ಲ, ಗಂಟೆ ಬಾರಿಸುವಂತಿಲ್ಲ, ಪಕ್ಕದ ಮನೆಯವಳು ಗಂಜಿ ತಂದುಕೊಡುವಂತಿಲ್ಲ. ಸಾಕಿದ ಮಗುವಿಗೆ ಒಂದು ಸಾವನ್ನೂ ಕೊಡಲಾರದವಳಾದೆ. ಸೋಮವಾರ ಸಂಜೆ ಆರಕ್ಕೆ ಮೈಕಿನ ಮುಂದೆ ನಿಂತೆ, ಏಕೆಂದರೆ ನಿಲ್ಲದಿದ್ದರೆ ಏಕೆಂದು ಕೇಳುತ್ತಾರೆ. ಎದುರಿಗೆ ಫೌಸ್ತೊ. ಅವನ ಕೆಳತುಟಿ ಊದಿ ಒಡೆದಿತ್ತು. ಗಾಜಿನ ಆಚೆ ರುಫಿನೊ ಕೈ ಎತ್ತಿ ಸನ್ನೆ ಮಾಡಿದ. ಅಂದಿನ ಕಂತಿನಲ್ಲಿ ಅತ್ತೆ ಪೇಟೆಯಿಂದ ಬಂದು ತೋಟದ ಮುದುಕನನ್ನು ಮಾತಾಡಿಸುತ್ತಾಳೆ. ನಾನು ಹಾಳೆಯಲ್ಲಿದ್ದಂತೆ, “ಏನಪ್ಪ, ನಮ್ಮೂರಲ್ಲೆಲ್ಲ ಕ್ಷೇಮ ತಾನೇ?” ಎಂದೆ.

“ಎಲ್ಲ ಕ್ಷೇಮ ಅಮ್ಮಾವ್ರೇ” ಎಂಬುದು ಅವನ ಮಾತು. ಅವನು ಹೇಳಲಿಲ್ಲ. ಹಾಳೆ ಕೆಳಗಿಟ್ಟ. ಕಣ್ಣು ಮುಚ್ಚಿಕೊಂಡ. ರೇಡಿಯೋದಲ್ಲಿ ಮೌನ ಹೊರಟಿತ್ತು, ರುಫಿನೊ ಗಾಜು ಬಡಿಯುತ್ತಿದ್ದ. ಆಗ ಆ ಒಡೆದ ತುಟಿಯಿಂದ ನನ್ನ ತಮ್ಮ, “ಅಕ್ಕ” ಎಂದ. “ನಾನು ಅನ್ಸೆಲ್ಮೊ. ನಾನು ಈಗ ಇಲ್ಲ ಅಕ್ಕ. ಇನ್ನು ನನ್ನ ಕೂಗ್ಬೇಡ.” ಫೌಸ್ತೊ ಉಸಿರೆಳೆದುಕೊಂಡು ಬೇರೆ ದನಿ ತೆಗೆದ. “ಅಜ್ಜಿ, ನಾನು ಮೊಮ್ಮಗ ಸೆವೆರೊ. ತಾತ ಅಲ್ಲ. ನಾನೂ ಇಲ್ಲ.” ಆಮೇಲೆ ಒಬ್ಬ ಹೆಂಗಸು ತನ್ನ ಗಂಡನಿಗೆ ಹೇಳಿದಳು. ಆಮೇಲೆ ಒಬ್ಬ ಶಾಲೆ ಮೇಷ್ಟ್ರು. ಒಬ್ಬ ಗಣಿ ಕೆಲಸಗಾರ ತನ್ನ ಹೆಂಡತಿಯ ಮುದ್ದಿನ ಹೆಸರು ಹಿಡಿದು ಕರೆದ. ಕಿಟಕಿ ತೆರೆದಿಟ್ಟು ರೇಡಿಯೋ ಹಾಕಬೇಕೆಂದು ಆಜ್ಞೆಯಿತ್ತಲ್ಲ, ಒಂದೊಂದು ಹೆಸರಿಗೂ ಊರಿನ ಯಾವುದೋ ಒಂದು ಬೀದಿಯಿಂದ ಕೂಗು ಎದ್ದದ್ದು ಸ್ಟುಡಿಯೋದ ದಪ್ಪ ಗೋಡೆ ದಾಟಿ ನನಗೆ ಕೇಳಿಸಿತು.

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮಾರನೇ ಬೆಳಗ್ಗೆ ಅರ್ಧ ಊರು ಕಪ್ಪು ಉಟ್ಟಿತ್ತಂತೆ, ಹೆಂಗಸರೆಲ್ಲ ಮತ್ತೆ ಠಾಣೆಯ ಮುಂದೆ ಬಂದು ನಿಂತರಂತೆ. ನಾನದನ್ನು ನೋಡಲಿಲ್ಲ, ಕೇಳಿದ್ದು. ನನ್ನನ್ನು ಕೆಲವು ದಿನ ಇಟ್ಟುಕೊಂಡು, ಉಟ್ಟ ಬಟ್ಟೆಯಲ್ಲೇ ಗಡಿಯಾಚೆ ತಳ್ಳಿದರು. ಇಲ್ಲಿಯ ಗುಡ್ಡಗಳು ಬರೀ ಗುಡ್ಡಗಳು. ಗಣಿಯ ಸಿಡಿಮದ್ದು ತಂದು ನಮ್ಮ ಗುಡ್ಡವನ್ನು ಒಡೆದು ಜಲ್ಲಿ ಮಾಡಿ ರಸ್ತೆಗೆ ಹಾಕಿದರೆಂದು ಆ ಕಡೆಯಿಂದ ಬಂದವರು ಹೇಳಿದರು. ಹಾಗಾಗಿ ಫೌಸ್ತೊ ಏನಾದ, ರುಫಿನೊ ಏನಾದ ಎಂದು ಯಾರನ್ನು ಕೇಳುವುದು? ಅವರಿಬ್ಬರನ್ನೂ ಆ ಸಂಜೆಯ ನಂತರ ಕಂಡವರಿಲ್ಲ.

ಆ ಸಂಜೆ ಕಾರಿಡಾರಿನಲ್ಲಿ ಕ್ಯಾಪ್ಟನ್ ಓಡಿಬರುವ ಬೂಟಿನ ಸದ್ದು ಕೇಳುವ ಮೊದಲೇ ರುಫಿನೊ ಎದ್ದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದ. ವಾಪಸ್ಸು ಬಂದು ಕೂತು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡಿದ್ದ, ಒತ್ತಲಿಲ್ಲ. ಒತ್ತಿದರೆ ಎಲ್ಲ ನಿಂತುಹೋಗುತ್ತಿತ್ತು, ಅವನೂ ಉಳಿಯುತ್ತಿದ್ದನೋ ಏನೋ. ಆದರೆ ಅವನು ಫೌಸ್ತೊನ ತುಟಿಯನ್ನೇ ನೋಡುತ್ತಿದ್ದ. ಹುಡುಗಿಯ ದನಿಯೊಂದು ಶುರುವಾದಾಗಲೆಲ್ಲ ಅವನ ಮೈ ಸೆಟೆಯುತ್ತಿತ್ತು, ಬೇರೆ ಯಾರದೋ ಹೆಸರು ಬಂದಾಗ ಸಡಿಲವಾಗುತ್ತಿತ್ತು. ಹೊರಗೆ ಬಂದೂಕಿನ ಹಿಡಿಯಿಂದ ಬಾಗಿಲು ಗುದ್ದತೊಡಗಿದರು. ಫೌಸ್ತೊ ಅವಸರ ಮಾಡಲಿಲ್ಲ. ಒಬ್ಬೊಬ್ಬರಿಗೂ ಅವರವರ ಉಸಿರು, ಅವರವರ ತೊದಲು ಕೊಟ್ಟು ಹೇಳಿಸಿದ. ಕೊನೆಯವನು ಒಬ್ಬ ಬಡಗಿ. ಅವನದಾದ ಮೇಲೆ ಫೌಸ್ತೊ ಕಣ್ಣು ತೆರೆದು, ನಾನು ಇಷ್ಟು ವರ್ಷದಲ್ಲಿ ಮೈಕಿನ ಮುಂದೆ ಎಂದೂ ಕೇಳಿರದ ಅವನ ಸ್ವಂತ ದನಿಯಲ್ಲಿ, ಸಾಧಾರಣವಾದ, ಸ್ವಲ್ಪ ಗೊಗ್ಗರಾದ ದನಿಯಲ್ಲಿ ಹೇಳಿದ: “ಇಷ್ಟೇ ಜನ. ಉಳಿದವರಿಗೆಲ್ಲ ಗುಡ್ಡಾನೇ ಓಗೊಟ್ಟಿದೆ, ನಾನಲ್ಲ.”

ಲುಸಿಲಾಳ ಹೆಸರು ಬಂದಿರಲಿಲ್ಲ. ಗಾಜಿನ ಆಚೆ ರುಫಿನೊ ಒಂದು ಕ್ಷಣ ಅರ್ಥವಾಗದವನ ಹಾಗೆ ಕೂತಿದ್ದ. ಆಮೇಲೆ ಸ್ವಿಚ್ಚಿನಿಂದ ಬೆರಳು ತೆಗೆದು ಎದ್ದು ನಿಂತ. ಬಾಗಿಲು ಒಡೆದುಹೋಗುವುದರಲ್ಲಿತ್ತು, ಅದನ್ನು ತೆಗೆಯಲು ತಾನೇ ಹೊರಟ. ದಾಟಿ ಹೋಗುವಾಗ ಗಾಜಿನೊಳಗಿಂದ ನನ್ನನ್ನು ನೋಡಿದ. ಅವನ ಮುಖದ ಮೇಲೆ ಅಷ್ಟು ಸಂತೋಷವಿತ್ತು. ಇನ್ನೆರಡು ಹೆಜ್ಜೆಯಲ್ಲಿ ಅವನಿಗೇನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು, ಆದರೂ ದೇವರಾಣೆ, ಅವನನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.